ದಡಕ್ಕೆ ಬಂದ ಪರದೇಶಿ: ‘ಚೆಮ್ಮೀನ್’ ಕಾದಂಬರಿಯ ಒಂದು ದೈವಶಾಸ್ತ್ರೀಯ ವಿಮರ್ಶೆ

ತಕಳಿ ಶಿವಶಂಕರ ಪಿಳ್ಳೆಯವರ ‘ಚೆಮ್ಮೀನ್’ 1956ರಲ್ಲಿ ಪ್ರಕಟವಾಯಿತು. ಮರುವರ್ಷವೇ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. 1965ರಲ್ಲಿ ರಾಮು ಕಾರ್ಯಾಟ್ ಅವರು ಅದನ್ನು ಚಲನಚಿತ್ರವಾಗಿಸಿದಾಗ ರಾಷ್ಟ್ರಪತಿಗಳ ಸ್ವರ್ಣಪದಕ ಮೊದಲ ಬಾರಿಗೆ ದಕ್ಷಿಣ ಭಾರತದ ಚಿತ್ರವೊಂದಕ್ಕೆ ದೊರೆಯಿತು. ಅಂದಿನಿಂದ ಇಂದಿನವರೆಗೆ ಭಾರತದ ಕರಾವಳಿಯ ಬದುಕನ್ನು ದೂರದಿಂದ ಅರಿಯಬಯಸುವವರಿಗೆ ಈ ಕೃತಿಯೇ ಹೆಬ್ಬಾಗಿಲಾಗಿದೆ. ಕರಾವಳಿಯ ಸಭೆಗಳಿಗೆ ಸೇವೆಗಾಗಿ ಹೋಗುವ ನಮ್ಮ ವೇದಶಾಸ್ತ್ರದ ವಿದ್ಯಾರ್ಥಿಗಳಲ್ಲಿಯೂ ಅನೇಕರ ಮನಸ್ಸಿನಲ್ಲಿ ಮೀನುಗಾರರ ಕುರಿತು ಇರುವ ಚಿತ್ರವು ಈ ಕಾದಂಬರಿಯಿಂದಲೋ ಆ ಚಲನಚಿತ್ರದಿಂದಲೋ ಮೂಡಿದ್ದು. ಆದುದರಿಂದ ಕೃತಿಯ ಸಾಹಿತ್ಯಗುಣವನ್ನು ಒಪ್ಪಿಕೊಂಡೇ ಒಂದು ಪ್ರಶ್ನೆಯನ್ನು ಕೇಳುವುದು ಅವಶ್ಯವಾಗಿದೆ: ಈ ಕಾದಂಬರಿಯಲ್ಲಿ ದಡದ ಹೊರಗಿನವನು ಯಾರು? ದಡಕ್ಕೆ ಬಂದ ಕೇಡಿಗೆ ಅದು ಯಾರನ್ನು ಹೊಣೆಗಾರರನ್ನಾಗಿ ತೋರಿಸುತ್ತದೆ?

ಈ ಪ್ರಶ್ನೆ ಸಾಹಿತ್ಯದ ಮಟ್ಟಿಗೇ ನಿಲ್ಲುವಂಥದಲ್ಲ. ಕಡಲ ತೀರದಲ್ಲಿ ‘ನಮ್ಮವರು’, ‘ಹೊರಗಿನವರು’ ಎಂಬ ಮಾತುಗಳಿಗೆ ರಕ್ತದ ಬೆಲೆ ತೆರಬೇಕಾಗಿ ಬಂದಿದೆ. ಆ ಮಾತುಗಳನ್ನು ಆಡುವವರ ನಡುವೆ ನಿಂತು ಬೋಧಿಸಬೇಕಾದವರು ನಾವು.

ಕಥೆಯೊಳಗಿನ ಸಾಲ

ಕಥೆಯ ಹಂದರ ಓದುಗರಿಗೆ ತಿಳಿದದ್ದೇ. ಅಲಪ್ಪುಳದ ದಕ್ಷಿಣಕ್ಕಿರುವ ತೀರದಲ್ಲಿ ಚೆಂಬನ್‌ಕುಂಞು ಎಂಬ ಮೀನುಗಾರನಿಗೆ ಸ್ವಂತ ದೋಣಿ ಮತ್ತು ಬಲೆ ಕೊಳ್ಳುವ ಹಂಬಲ. ಅದಕ್ಕೆ ಬೇಕಾದ ಹಣವನ್ನು ಆತನು ಪಡೆಯುವುದು ಪರೀಕುಟ್ಟಿ ಎಂಬ ಮುಸ್ಲಿಂ ಯುವಕನಿಂದ. ಪರೀಕುಟ್ಟಿ ದಡದಲ್ಲಿ ಸಣ್ಣ ಕೊಟ್ಟಿಗೆ ಹಾಕಿಕೊಂಡು ಮೀನು ಕೊಂಡು ಒಣಗಿಸಿ ಮಾರುವ ಚಿಕ್ಕ ವ್ಯಾಪಾರಿ. ಚೆಂಬನ್‌ಕುಂಞುವಿನ ಮಗಳು ಕರುತ್ತಮ್ಮನಿಗೂ ಅವನಿಗೂ ಬಾಲ್ಯದಿಂದಲೇ ಸ್ನೇಹ; ಆ ಸ್ನೇಹ ಪ್ರೇಮವಾಗುತ್ತದೆ. ದೋಣಿ ಬಂದ ಮೇಲೆ ಚೆಂಬನ್‌ಕುಂಞು ಸಾಲವನ್ನು ಮರೆಯುತ್ತಾನೆ. ಸಾಲ ಕೊಟ್ಟವನಿಗೇ ರೊಕ್ಕವಿಲ್ಲದೆ ಮೀನು ಕೊಡಲಾಗದೆಂದು ಹೇಳುವಷ್ಟು ಅವನ ಮನಸ್ಸು ಕಲ್ಲಾಗುತ್ತದೆ. ಕರುತ್ತಮ್ಮನನ್ನು ಪಳನಿ ಎಂಬ ಅನಾಥ ಮೀನುಗಾರನಿಗೆ ಮದುವೆ ಮಾಡಿಕೊಡಲಾಗುತ್ತದೆ. ಆಕೆಯ ಹಿಂದಿನ ಪ್ರೇಮದ ಸುದ್ದಿ ಗಂಡನ ಊರನ್ನೂ ತಲುಪುತ್ತದೆ. ಕೊನೆಯಲ್ಲಿ ಪಳನಿ ಕಡಲಿನ ಸುಳಿಗೆ ಸಿಕ್ಕಿ ಸಾಯುತ್ತಾನೆ. ಕರುತ್ತಮ್ಮ ಮತ್ತು ಪರೀಕುಟ್ಟಿಯರ ಶವಗಳು ದಡಕ್ಕೆ ಬಂದು ಬೀಳುತ್ತವೆ.

ಇಲ್ಲಿ ಗಮನಿಸಬೇಕಾದ ವಿಶೇಷವೊಂದಿದೆ. ಮೀನುಗಾರರ ಕಥೆಗಳಲ್ಲಿ ಹೊರಗಿನ ವ್ಯಾಪಾರಿ ಸಾಮಾನ್ಯವಾಗಿ ಶೋಷಕನಾಗಿ ಬರುತ್ತಾನೆ. ಮಳೆಗಾಲದಲ್ಲಿ ಮುಂಗಡ ಕೊಟ್ಟು, ಸುಗ್ಗಿಯಲ್ಲಿ ಮೀನನ್ನು ತಾನು ಹೇಳಿದ ಬೆಲೆಗೆ ಎತ್ತಿಕೊಳ್ಳುವ ಸಾಹುಕಾರ ನಮ್ಮ ತೀರಕ್ಕೂ ಅಪರಿಚಿತನಲ್ಲ. ತಕಳಿಯವರು ಈ ಮಾದರಿಯನ್ನು ತಲೆಕೆಳಗು ಮಾಡಿದ್ದಾರೆ. ಇಲ್ಲಿ ಸಾಲ ಕೊಟ್ಟ ಹೊರಗಿನವನೇ ಹಾಳಾಗುತ್ತಾನೆ. ಸಾಲ ಪಡೆದ ಒಳಗಿನವನು ಅವನನ್ನು ಹಾಳುಮಾಡುತ್ತಾನೆ. ದುರಾಸೆಗೆ ಜಾತಿಯಿಲ್ಲ, ಊರಿಲ್ಲ ಎಂಬ ಅರಿವು ಇದರ ಹಿಂದಿದೆ. ಪಾಪವು ಯಾವಾಗಲೂ ಊರ ಗಡಿಯ ಆಚೆಯಿಂದಲೇ ಬರುತ್ತದೆಂಬ ಸುಲಭದ ನಂಬಿಕೆಯನ್ನು ಕಾದಂಬರಿಯ ಈ ಅರ್ಧಭಾಗ ಒಡೆಯುತ್ತದೆ. ತಾಯಿ ಚಕ್ಕಿ ಸಾಯುವಾಗ ಪರೀಕುಟ್ಟಿಯನ್ನು ಕರೆದು, ಕರುತ್ತಮ್ಮನಿಗೆ ಅಣ್ಣನಾಗಿರು ಎಂದು ಬೇಡಿಕೊಳ್ಳುವ ಸನ್ನಿವೇಶದಲ್ಲಿ ಪರದೇಶಿಯನ್ನು ಬಂಧುವೆಂದು ಕರೆಯುವ ದಾರಿಯೊಂದು ಕ್ಷಣಕಾಲ ತೆರೆದುಕೊಳ್ಳುತ್ತದೆ. ಆ ದಾರಿಯನ್ನು ದಡ ಒಪ್ಪುವುದಿಲ್ಲ. ಚಕ್ಕಿಯ ಸಾವಿನ ಸುದ್ದಿಯನ್ನು ಮಗಳಿಗೆ ಮುಟ್ಟಿಸಲು ಬೇರೆ ಯಾರೂ ಹೋಗದಿದ್ದಾಗ ಪರೀಕುಟ್ಟಿಯೇ ಹೋಗುತ್ತಾನೆ. ಅದೇ ಆಕೆಯ ಮೇಲಿನ ಸಂಶಯಕ್ಕೆ ಸಾಕ್ಷಿಯಾಗುತ್ತದೆ.

ಕಡಲಮ್ಮನ ಹೆಸರಿನಲ್ಲಿ

ಕಾದಂಬರಿಯ ಇನ್ನೊಂದು ಅರ್ಧವು ಕಡಲಮ್ಮನ ನಂಬಿಕೆಯ ಮೇಲೆ ನಿಂತಿದೆ. ಕಡಲಿಗೆ ಹೋದ ಗಂಡಸಿನ ಪ್ರಾಣ ದಡದಲ್ಲಿರುವ ಹೆಂಡತಿಯ ಶೀಲದ ಕೈಯಲ್ಲಿದೆ. ಆಕೆ ಕೆಟ್ಟರೆ ಕಡಲಮ್ಮ ಅವನನ್ನು ನುಂಗುತ್ತಾಳೆ. ಈ ನಂಬಿಕೆ ಕಥೆಯ ಪಾತ್ರಗಳಲ್ಲಿ ಮಾತ್ರವಿದ್ದರೆ ಆಕ್ಷೇಪಕ್ಕೆ ಕಾರಣವಿರಲಿಲ್ಲ. ಆದರೆ ಕಥೆಯ ಓಟವೇ ಅದನ್ನು ನಿಜಮಾಡಿ ತೋರಿಸುತ್ತದೆ. ಕರುತ್ತಮ್ಮ ಪರೀಕುಟ್ಟಿಯನ್ನು ಸೇರಿದ ರಾತ್ರಿಯೇ ಪಳನಿಯನ್ನು ಸುಳಿ ಸೆಳೆದೊಯ್ಯುತ್ತದೆ.

ತಕಳಿಯವರು ಕುಟ್ಟನಾಡಿನ ಭತ್ತದ ನಾಡಿನವರು. ಅಂಬಲಪ್ಪುಳದಲ್ಲಿ ವಕೀಲಿ ಮಾಡಿದವರು. ದಡವನ್ನು ಹತ್ತಿರದಿಂದ ಬಲ್ಲರಾದರೂ ಅವರು ದಡದವರಲ್ಲ. ಹೆಣ್ಣಿನ ಶೀಲದ ಈ ಕಟ್ಟನ್ನು ತಮ್ಮ ಬದುಕಿನ ತಿರುಳೆಂಬಂತೆ ಲೋಕಕ್ಕೆ ತೋರಿಸಿದ್ದಕ್ಕೆ ಮೀನುಗಾರ ಸಮುದಾಯದೊಳಗಿಂದ ಆಕ್ಷೇಪ ಬಂದಿದೆ. ಆ ಆಕ್ಷೇಪದಲ್ಲಿ ಹುರುಳಿದೆ. ದಡದ ಹೆಂಗಸರು ಮನೆಯಲ್ಲಿ ಕುಳಿತು ಗಂಡನಿಗಾಗಿ ಕಾಯುವವರಲ್ಲ. ಚಕ್ಕಿಯೂ ತಲೆಯ ಮೇಲೆ ಬುಟ್ಟಿ ಹೊತ್ತು ಪೂರ್ವದ ಊರುಗಳಲ್ಲಿ ಮೀನು ಮಾರಿ ಬಂದವಳೇ. ಬಲೆಗೆ ಬಿದ್ದ ಮೀನನ್ನು ಅನ್ನವಾಗಿಸುವವರು ಅವರು. ಮಲ್ಪೆಯಿಂದ ಮಂಗಳೂರಿನವರೆಗೆ ಮೀನು ಮಾರುಕಟ್ಟೆಗೆ ಹೋಗಿಬಂದ ಯಾರಿಗೂ ಈ ಮಾತನ್ನು ವಿವರಿಸಬೇಕಾಗಿಲ್ಲ. ಅಂಥ ಹೆಂಗಸರ ದುಡಿಮೆಯನ್ನು ಹಿನ್ನೆಲೆಗೆ ಸರಿಸಿ ಅವರ ಶೀಲವನ್ನು ಮುನ್ನೆಲೆಗೆ ತಂದಾಗ ದಡದ ಆರ್ಥಿಕ ಬದುಕೇ ಮರೆಯಾಗುತ್ತದೆ.

ಇದು ದುರಂತ ಕಾವ್ಯದ ರೀತಿಯಲ್ಲಿ ಬರೆದ ಕೃತಿ, ಸಮಾಜಶಾಸ್ತ್ರವಲ್ಲ, ಪುರಾಣವಿಲ್ಲದೆ ದುರಂತ ನಡೆಯದು ಎಂದು ಯಾರಾದರೂ ಹೇಳಬಹುದು. ಆ ಮಾತನ್ನು ಒಪ್ಪೋಣ. ಆದರೆ ದೈವಶಾಸ್ತ್ರದ ವಿದ್ಯಾರ್ಥಿ ಪುರಾಣದ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಬಿರುಗಾಳಿ ಎದ್ದಾಗ ‘ಯಾರ ತಪ್ಪಿನಿಂದ?’ ಎಂದು ಕೇಳುವುದು ಮನುಷ್ಯನ ಅತಿ ಹಳೆಯ ಅಭ್ಯಾಸ. ಯೋನನ ಪ್ರವಾದನಗ್ರಂಥದ ಮೊದಲ ಅಧ್ಯಾಯದಲ್ಲಿ ನಾವಿಕರು ಇದೇ ಪ್ರಶ್ನೆಯನ್ನು ಕೇಳಿ ಚೀಟು ಹಾಕುತ್ತಾರೆ. ಚೀಟು ಹಡಗಿನಲ್ಲಿದ್ದ ಪರದೇಶಿಯ ಮೇಲೆ ಬೀಳುತ್ತದೆ. ಯೋನನು ತಪ್ಪಿತಸ್ಥನೆಂಬುದು ಆ ಗ್ರಂಥದಲ್ಲಿ ನಿಜವೇ. ಆದರೂ ಆ ಅನ್ಯಜನರಾದ ನಾವಿಕರು ಅವನನ್ನು ಕೂಡಲೇ ನೀರಿಗೆ ಎಸೆಯುವುದಿಲ್ಲ. ಅವನೇ ತನ್ನನ್ನು ಎಸೆಯಿರೆಂದು ಹೇಳಿದ ಮೇಲೂ ಹಡಗನ್ನು ದಡಕ್ಕೆ ಸೇರಿಸಲು ಅವರು ಬಲವಾಗಿ ಹುಟ್ಟು ಹಾಕುತ್ತಾರೆ (ಯೋನ 1:13). ತಪ್ಪಿತಸ್ಥನಾದ ಪರದೇಶಿಯ ಪ್ರಾಣವೂ ಬೆಲೆಯುಳ್ಳದ್ದೆಂದು ಪ್ರವಾದಿಗಿಂತ ಮೊದಲು ಆ ನಾವಿಕರು ಅರಿತಿದ್ದರು. ‘ಚೆಮ್ಮೀನ್’ ಕಾದಂಬರಿಯ ದಡದಲ್ಲಿ ಹೀಗೆ ಹುಟ್ಟು ಹಾಕುವವರು ಒಬ್ಬರೂ ಕಾಣುವುದಿಲ್ಲ. ಪಳನಿಯ ಜೊತೆಗಾರರು ಅವನೊಂದಿಗೆ ದೋಣಿ ಏರಲು ಅಂಜುತ್ತಾರೆ; ಅವನು ಒಂಟಿಯಾಗಿ ಗಾಳ ಹಿಡಿದು ಹೋಗಬೇಕಾಗುತ್ತದೆ. ಪಳನಿ ಸತ್ತದ್ದು ಕಡಲಮ್ಮನ ಕೋಪದಿಂದಲೋ, ಆತನನ್ನು ಒಂಟಿಯಾಗಿ ಕಳುಹಿಸಿದ ದಡದ ಅಂಜಿಕೆಯಿಂದಲೋ? ಕಾದಂಬರಿಯಲ್ಲಿ ಎರಡನೆಯ ಉತ್ತರಕ್ಕೂ ಆಧಾರವಿದೆ. ಅದನ್ನು ಎತ್ತಿ ತೋರಿಸುವುದು ವಿಮರ್ಶಕನ ಕೆಲಸ. ಪ್ರಸಂಗಪೀಠದಲ್ಲಿ ಅದನ್ನು ಹೇಳುವುದು ಸಭಾಪಾಲಕನ ಕೆಲಸ. ಸಿಲೋವಾಮಿನ ಬುರುಜು ಬಿದ್ದು ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲವೆಂದು ಕರ್ತನು ಹೇಳಿದ ಮೇಲೆ (ಲೂಕ 13:4–5) ಸಾವನ್ನು ತೀರ್ಪೆಂದು ಓದುವ ಹಕ್ಕು ನಮಗೆ ಉಳಿದಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಕೇರಳ ಮತ್ತು ಕನ್ಯಾಕುಮಾರಿಯ ಮೀನುಗಾರರನ್ನು ಕೊಂಡೊಯ್ದಾಗ ಕೇಳಬೇಕಾಗಿದ್ದ ಪ್ರಶ್ನೆ ಮುನ್ಸೂಚನೆಯ ಕುರಿತದ್ದಾಗಿತ್ತು, ಶೀಲದ ಕುರಿತದ್ದಲ್ಲ.

ಕಾದಂಬರಿ ಕಾಣದ ಪರದೇಶಿ

ಚೆಮ್ಮೀನ್ ಎಂದರೆ ಸಿಗಡಿ. ಕೃತಿಯ ಹೆಸರೇ ಇಂದು ಓದುವವನಿಗೆ ಇನ್ನೊಂದು ಕಥೆಯನ್ನು ನೆನಪಿಸುತ್ತದೆ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಒಪ್ಪಂದವಾಗಿ, 1953ರಿಂದ ಕೊಲ್ಲಂ ಸಮೀಪದ ನೀಂಡಕರ ಹಾಗೂ ಶಕ್ತಿಕುಳಂಗರಗಳಲ್ಲಿ ಇಂಡೋ–ನಾರ್ವೀಜಿಯನ್ ಯೋಜನೆ ಕೆಲಸ ಆರಂಭಿಸಿತು. ಮೀನುಗಾರರ ಬಾಳ್ವೆಯನ್ನು ಉತ್ತಮಗೊಳಿಸುವುದು ಅದರ ಉದ್ದೇಶವಾಗಿತ್ತು. ಅದೇ 1953ರಲ್ಲಿ ಕೊಚ್ಚಿಯಿಂದ ಶೈತ್ಯೀಕರಿಸಿದ ಸಿಗಡಿಯ ರಫ್ತು ಮೊದಲಾಯಿತು. ವಿದೇಶಗಳಲ್ಲಿ ಸಿಗಡಿಗೆ ದೊರೆತ ಬೆಲೆ ಎಲ್ಲವನ್ನೂ ಬದಲಾಯಿಸಿತು. ತಳವನ್ನು ಬಾಚುವ ಟ್ರಾಲರ್ ದೋಣಿಗಳು ಹೆಚ್ಚಿದವು. ಕಡಲನ್ನು ಕಂಡರಿಯದವರೂ ಅವುಗಳಲ್ಲಿ ಹಣ ಹೂಡಿದರು. ತಕಳಿಯವರು ಕಾದಂಬರಿ ಬರೆಯುತ್ತಿದ್ದಾಗ ಆ ಬದಲಾವಣೆ ಅವರ ದಡದಿಂದ ಕೆಲವೇ ಗಾವುದ ದಕ್ಷಿಣದಲ್ಲಿ ನಡೆಯುತ್ತಿತ್ತು. ಕಾದಂಬರಿಯ ಚಾಕರ, ಅಂದರೆ ಮಳೆಗಾಲದಲ್ಲಿ ಕೆಸರುದಂಡೆಯಿಂದ ಕಡಲು ಶಾಂತವಾಗಿ ಮೀನು ಹೇರಳವಾಗಿ ದೊರೆಯುವ ಸುಗ್ಗಿ, ಹಳೆಯ ಲೋಕದ ಸುಗ್ಗಿಯೇ ಆಗಿದೆ. ಬರೆದ ಕಾಲಕ್ಕೆ ಮುಂದಿನದನ್ನು ಕಾಣಲಿಲ್ಲವೆಂದು ಲೇಖಕರನ್ನು ದೂರುವುದು ನ್ಯಾಯವಲ್ಲ. ಆದರೆ ಅಂದಿನಿಂದ ಮುಂದೆ ಈ ಕೃತಿಯನ್ನು ‘ಕರಾವಳಿಯ ಕಥೆ’ ಎಂದು ಓದಿದವರೆಲ್ಲ ಪರೀಕುಟ್ಟಿಯನ್ನೇ ಪರದೇಶಿಯೆಂದು ತಿಳಿದರು. ದಡಕ್ಕೆ ಕಾಲಿಡದೆಯೇ ದಡದ ಮೀನನ್ನು ಒಯ್ದವನು ಅವರ ಕಣ್ಣಿಗೆ ಬೀಳಲಿಲ್ಲ.

ಅದನ್ನು ಕಂಡವರು ಮೀನುಗಾರರೇ. 1970 ಮತ್ತು 80ರ ದಶಕಗಳಲ್ಲಿ ಕೇರಳದ ಸಾಂಪ್ರದಾಯಿಕ ಮೀನುಗಾರರು ಟ್ರಾಲರುಗಳ ವಿರುದ್ಧ ಹೋರಾಡಿದರು. ರಿಡೆಂಪ್ಟೊರಿಸ್ಟ್ ಸಭೆಯ ಫಾದರ್ ಥಾಮಸ್ ಕೋಚೇರಿಯವರಂಥ ಯಾಜಕರೂ ಸಿಸ್ಟರ್ ಆಲೀಸರಂಥ ಕನ್ಯಾಸ್ತ್ರೀಯರೂ ಅವರ ಜೊತೆಗೆ ಉಪವಾಸ ಕುಳಿತರು. 1980ರಲ್ಲಿ ಕೇರಳ ಸಮುದ್ರ ಮೀನುಗಾರಿಕಾ ನಿಯಂತ್ರಣ ಕಾಯಿದೆ ಬಂತು. 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂತು. ಮೀನು ಮೊಟ್ಟೆಯಿಡುವ ಕಾಲದಲ್ಲಿ ಕಡಲಿಗೆ ವಿಶ್ರಾಂತಿ ಬೇಕೆಂಬ ಮಾತು ಆ ಹೋರಾಟಗಳಿಂದ ಕಾನೂನಿನ ಪುಟ ಸೇರಿತು.

ನಮ್ಮ ಕರಾವಳಿಯ ಕಥೆಯೂ ಇದಕ್ಕೆ ದೂರದ್ದಲ್ಲ. ಊರಿನವರೆಲ್ಲ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ ಬಂಗುಡೆಯನ್ನೂ ಬೂತಾಯಿಯನ್ನೂ ಅನೇಕ ಮನೆಗಳಿಗೆ ಪಾಲಾಗಿ ಹಂಚುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದಾಗ ಮೀನು ದಡ ಸೇರುವ ಮೊದಲೇ ಬಲೆಗೆ ಬೀಳತೊಡಗಿತು; ರಂಪಣಿಯವರಿಗೂ ಪರ್ಸೀನಿನವರಿಗೂ ಕದನಗಳಾದವು. ಇಲ್ಲಿ ಹೊಸ ದೋಣಿಗಳ ಒಡೆಯರಲ್ಲಿ ಅನೇಕರು ಅದೇ ಮೀನುಗಾರ ಸಮುದಾಯದವರೇ ಆಗಿದ್ದರೆಂಬುದನ್ನು ಮರೆಯಬಾರದು. ಚೆಂಬನ್‌ಕುಂಞುವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಭಾಷ್ಯ ಬೇಡ. ಜೆಬೆದಾಯನ ದೋಣಿಯಲ್ಲಿ ಮಕ್ಕಳ ಜೊತೆಗೆ ಕೂಲಿಯಾಳುಗಳೂ ಇದ್ದರೆಂದು ಮಾರ್ಕನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ (ಮಾರ್ಕ 1:20). ದಡ ಎಂದೂ ಒಂದೇ ಮನೆಯಾಗಿರಲಿಲ್ಲ. ಇಂದು ನಮ್ಮ ಬಂದರುಗಳ ದೋಣಿಗಳಲ್ಲಿ ಒಡಿಶಾ, ಆಂಧ್ರಗಳಿಂದ ಬಂದ ಆಳುಗಳು ದುಡಿಯುತ್ತಿದ್ದಾರೆ. ಅವರನ್ನು ‘ಹೊರಗಿನವರು’ ಎನ್ನುವ ನಾಲಿಗೆ, ಅವರ ಬೆವರಿನಿಂದ ಬಂದ ಮೀನಿಗೆ ಆ ಹೆಸರಿಡುವುದಿಲ್ಲ.

ಹೀಗಾಗಿ ಹೊರಗಿನವರಲ್ಲಿ ಎರಡು ಬಗೆಯನ್ನು ಗುರುತಿಸಬೇಕು. ಒಬ್ಬನು ಶರೀರದಿಂದ ದಡಕ್ಕೆ ಬಂದು, ದಡದವರ ನಡುವೆ ಬಾಳಿ, ದಡದವರ ಕೈಗೆ ಸಿಗುವವನು. ಇನ್ನೊಬ್ಬನು ಬರಬೇಕಾಗಿಯೇ ಇಲ್ಲದವನು. ಅವನ ಹಣ, ಅವನ ಯಂತ್ರ, ಅವನ ನಕ್ಷೆ ಬಂದರೆ ಸಾಕು. ಎರಡನೆಯವನು ಮಾಡಿದ ಗಾಯಕ್ಕೆ ಮೊದಲನೆಯವನ ಮೇಲೆ ಸೇಡು ತೀರಿಸಿಕೊಳ್ಳುವುದು ದಡದ ದೊಡ್ಡ ಶೋಧನೆ. ‘ಚೆಮ್ಮೀನ್’ ಕಾದಂಬರಿಯ ಕೊರತೆಯೂ ಇದೇ: ಸಿಕ್ಕುವ ಪರದೇಶಿಯ ಮೇಲೆ ಅದು ಎಲ್ಲ ಭಾರವನ್ನೂ ಹೊರಿಸಿತು. ಈ ಗೊಂದಲದ ಬೆಲೆ ಕಡಿಮೆಯದಲ್ಲ. ಕೋಯಿಕ್ಕೋಡಿನ ಮಾರಾಡ್ ತೀರದಲ್ಲಿ 2002 ಮತ್ತು 2003ರಲ್ಲಿ ಒಂದೇ ಕಡಲಿಗೆ ಹೋಗುವ ಹಿಂದೂ ಮತ್ತು ಮುಸ್ಲಿಂ ನೆರೆಹೊರೆಯವರ ನಡುವೆ ಕೊಲೆಗಳಾದವು. 2009ರ ಮೇ ತಿಂಗಳಲ್ಲಿ ತಿರುವನಂತಪುರದ ಕ್ರೈಸ್ತರ ಚೆರಿಯತುರ ಮತ್ತು ಮುಸ್ಲಿಮರ ಬೀಮಾಪಳ್ಳಿಗಳ ನಡುವಿನ ಉದ್ವಿಗ್ನತೆ ಪೊಲೀಸರ ಗೋಲಿಬಾರಿಗೆ ದಾರಿಯಾಗಿ ಆರು ಜನ ಸತ್ತರು. ಆ ದಡಗಳಲ್ಲಿ ಬಲೆ ಬರಿದಾಗಿದ್ದರೆ ಅದು ನೆರೆಯವನಿಂದ ಬರಿದಾದದ್ದಲ್ಲ.

ಸಭೆಯೂ ಹೊರಗಿನಿಂದ ಬಂದದ್ದೇ

ಇಲ್ಲಿಯವರೆಗೆ ಸಭೆಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿ ಮಾತಾಡಿದ್ದೇವೆ. ಅದು ಪೂರ್ಣ ಸತ್ಯವಲ್ಲ. 16ನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳೊಂದಿಗೆ ದಕ್ಷಿಣದ ಮೀನುಗಾರ ತೀರಗಳಿಗೆ ಬಂದ ಸಭೆಯೂ ಪರದೇಶಿಯೇ. ದಡದವರಿಗೆ ಅದು ಆಸರೆ ಕೊಟ್ಟಿತು, ಅಕ್ಷರ ಕೊಟ್ಟಿತು, ದೇವರ ಮಕ್ಕಳೆಂಬ ಹೆಸರು ಕೊಟ್ಟಿತು. ಅದೇ ಸಭೆ ದಕ್ಷಿಣ ಕೇರಳದ ಊರುಗಳಲ್ಲಿ ದಿನದ ಮೀನಿನಲ್ಲಿ ತನ್ನ ಪಾಲನ್ನೂ ಎತ್ತುತ್ತಿತ್ತು. ಆ ಪಾಲನ್ನು ವಸೂಲು ಮಾಡುವ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯೂ ಇತ್ತು. ಆದುದರಿಂದ ‘ನಾವು ದಡದವರ ಪರ’ ಎಂದು ಹೇಳುವಾಗ ನಾವೂ ಒಂದು ಕಾಲದಲ್ಲಿ ಮುಂಗಡವಿಲ್ಲದೆ ಪಾಲು ಪಡೆದವರೆಂಬ ನೆನಪು ನಾಲಿಗೆಯನ್ನು ಹದಗೊಳಿಸಬೇಕು.

2022ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ವಿಳಿಂಜಂ ಬಂದರು ನಿರ್ಮಾಣದ ವಿರುದ್ಧ ತಿರುವನಂತಪುರದ ಲ್ಯಾಟಿನ್ ಮಹಾಧರ್ಮಪ್ರಾಂತ್ಯದ ನೇತೃತ್ವದಲ್ಲಿ ನಡೆದ ಹೋರಾಟ ಈ ಪ್ರಶ್ನೆಯನ್ನು ಮತ್ತೆ ನಮ್ಮ ಮುಂದಿಟ್ಟಿತು. ತೀರ ಕೊರೆದುಹೋಗಿ ಮನೆ ಕಳೆದುಕೊಂಡು ಸಿಮೆಂಟು ಗೋದಾಮಿನಲ್ಲಿ ದಿನ ಕಳೆಯುತ್ತಿದ್ದ ಕುಟುಂಬಗಳ ಪುನರ್ವಸತಿ, ತೀರದ ಕೊರೆತದ ಅಧ್ಯಯನ, ಸೀಮೆಎಣ್ಣೆಯ ಬೆಲೆ ಮೊದಲಾದ ಬೇಡಿಕೆಗಳು ನ್ಯಾಯವಾದವುಗಳು. ಹೋರಾಡುತ್ತಿರುವವರಲ್ಲಿ ಅನೇಕರು ಸ್ಥಳೀಯರಲ್ಲವೆಂಬ ಮಾತು ಸರಕಾರದ ಕಡೆಯಿಂದ ಬಂತು; ಕಡಲು ಕೊರೆಯುವಾಗ ಪಂಚಾಯಿತಿಯ ಗಡಿ ನೋಡುವುದಿಲ್ಲವೆಂಬುದನ್ನು ಆ ಮಾತು ಮರೆತಿತ್ತು. ಆದರೆ ಅದೇ ಹೋರಾಟದ ಮುಂಚೂಣಿಯಲ್ಲಿದ್ದ ಯಾಜಕರೊಬ್ಬರು ಮುಸ್ಲಿಂ ಸಚಿವರೊಬ್ಬರ ಹೆಸರನ್ನೇ ಹಿಡಿದು ಆಡಿದ ಮಾತಿಗೆ ಕ್ಷಮೆ ಕೇಳಬೇಕಾಯಿತು. ಕ್ಷಮೆ ಕೇಳಿದ್ದು ಒಳ್ಳೆಯದಾಯಿತು. ಆದರೂ ಆ ಮಾತು ನಾಲಿಗೆಗೆ ಬಂದದ್ದು ಹೇಗೆ ಎಂಬುದನ್ನು ನಾವು ವಿಚಾರಿಸಬೇಕು. ಕಾಣದ ಪರದೇಶಿಯನ್ನು ಎದುರಿಸಲು ಹೊರಟವರು, ಅರಿವಿಲ್ಲದೆ, ಕಾಣುವ ಪರದೇಶಿಯ ಹುಡುಕಾಟಕ್ಕೆ ಇಳಿದುಬಿಡುತ್ತಾರೆ. ಪರೀಕುಟ್ಟಿ ಪ್ರತಿ ತಲೆಮಾರಿನಲ್ಲೂ ಸುಲಭವಾಗಿ ಕೈಗೆ ಸಿಗುತ್ತಾನೆ.

ನಮ್ಮ ಜಿಲ್ಲೆಗಳಲ್ಲಿ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರನ್ನು ವಿರೋಧಿಸುವ ಮೀನುಗಾರರಿದ್ದಾರೆ. ಅಂಥಲ್ಲಿ ಸಭೆ ಚಿಕ್ಕದು. ಹೋರಾಟದ ಮುಂದಾಳತ್ವ ಅದರದಲ್ಲ. ಜೊತೆಗೆ ನಿಲ್ಲುವ ಮತ್ತು ಹೋರಾಟದ ಕೋಪ ನೆರೆಮನೆಯ ಕಡೆಗೆ ತಿರುಗದಂತೆ ಕಾಯುವ ಕೆಲಸ ಮಾತ್ರ ಅದರ ಪಾಲಿಗೆ ಬರುತ್ತದೆ. ಇದು ಸಣ್ಣ ಕೆಲಸವಲ್ಲ.

ತೀರದಲ್ಲಿ ನಿಂತವನು

ಸುವಾರ್ತೆಗಳಲ್ಲಿ ಹೊರಗಿನವನು ದಡಕ್ಕೆ ಬರುವ ಎರಡು ಸಂದರ್ಭಗಳಿವೆ. ಮೊದಲನೆಯದರಲ್ಲಿ ನಜರೇತಿನಲ್ಲಿ ಬೆಳೆದ ಬಡಗಿಯೊಬ್ಬನು ಗೆನೆಜರೇತಿನ ತೀರದಲ್ಲಿ ಸೀಮೋನನ ದೋಣಿಯನ್ನು ಏರಿ, ದಡದಿಂದ ಸ್ವಲ್ಪ ದೂರ ನೂಕೆಂದು ಅವನನ್ನು ಕೇಳಿಕೊಳ್ಳುತ್ತಾನೆ (ಲೂಕ 5:3). ರಾತ್ರಿಯೆಲ್ಲ ದುಡಿದು ದಣಿದ ಬೆಸ್ತನಿಗೆ, ಕಡಲಿನ ಕಸುಬಿನವನಲ್ಲದವನು ಬಲೆ ಎಲ್ಲಿ ಬೀಸಬೇಕೆಂದು ಹೇಳುವುದು ಅಧಿಕಪ್ರಸಂಗವಾಗಿ ಕಾಣಬಹುದಾಗಿತ್ತು. ಆದರೆ ಎರವಲು ಪಡೆದ ದೋಣಿಯನ್ನು ಆತನು ತುಂಬಿ ಹಿಂದಿರುಗಿಸುತ್ತಾನೆ. ಚೆಂಬನ್‌ಕುಂಞು ಎರವಲು ಪಡೆದ ಹಣದಿಂದ ದೋಣಿ ಕೊಂಡು ಕೊಟ್ಟವನನ್ನು ಬರಿದು ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದಡಕ್ಕೆ ಬರುವ ಯಾವ ಯೋಜನೆಯನ್ನಾಗಲಿ ಈ ಅಳತೆಯಲ್ಲಿ ಅಳೆಯಬಹುದು: ಅದು ಕೇಳಿ ದೋಣಿ ಏರಿತೇ, ಹಿಂದಿರುಗಿಸುವಾಗ ದೋಣಿ ತುಂಬಿತ್ತೇ?

ಎರಡನೆಯದು ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ. ಬೆಳಗಾಗುವಾಗ ತೀರದಲ್ಲಿ ಒಬ್ಬನು ನಿಂತಿದ್ದಾನೆ. ಶಿಷ್ಯರು ಅವನನ್ನು ಗುರುತಿಸುವುದಿಲ್ಲ. ಅವರು ದಡ ಸೇರುವಾಗ ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ ಆಗಲೇ ಸಿದ್ಧವಾಗಿವೆ. ಆದರೂ ಆತನು ಅವರು ಹಿಡಿದ ಮೀನಿನಲ್ಲಿಯೂ ಕೆಲವನ್ನು ತರಹೇಳುತ್ತಾನೆ (ಯೋಹಾನ 21:9–10). ತನ್ನದನ್ನು ಮೊದಲು ಇಟ್ಟು, ಆಮೇಲೆ ಅವರ ದುಡಿಮೆಯ ಫಲಕ್ಕೂ ಅದೇ ಪಂಕ್ತಿಯಲ್ಲಿ ಸ್ಥಾನ ಕೊಡುವ ಈ ಪರದೇಶಿಯನ್ನು ಶಿಷ್ಯರು ಆ ಮೇಲೆ ಕರ್ತನೆಂದು ಅರಿಯುತ್ತಾರೆ. ಗುರುತಿಸದೆ ಇದ್ದಾಗಲೂ ಅವನ ಮಾತಿಗೆ ಕಿವಿಗೊಟ್ಟಿದ್ದರಿಂದಲೇ ಅವರು ಗುರುತಿಸಲು ಶಕ್ತರಾದರು. ಕರಾವಳಿಯ ಸಭೆಗೆ ಪರದೇಶಿಯ ಕುರಿತು ಇದಕ್ಕಿಂತ ಗಂಭೀರವಾದ ಪಾಠ ಬೇರೆ ಇಲ್ಲ.

2018ರ ಆಗಸ್ಟ್‌ನಲ್ಲಿ ಕೇರಳದ ಒಳನಾಡು ಪ್ರವಾಹದಲ್ಲಿ ಮುಳುಗಿದಾಗ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ಹೋಗಿ ಸಾವಿರಾರು ಜನರನ್ನು ಬದುಕಿಸಿದರು. ಅಂದು ಆ ಊರುಗಳಿಗೆ ಅವರೇ ಹೊರಗಿನವರು. ದಡದ ವಾಸನೆಯೆಂದು ಮೂಗು ಮುರಿದವರ ಮನೆಗಳ ಬಾಗಿಲಿಗೂ ದೋಣಿ ಹೋಯಿತು. ಯಾರು ಯಾರಿಗೆ ಪರದೇಶಿ ಎಂಬ ಲೆಕ್ಕ ನೀರು ಏರಿದಾಗ ಅಳಿಸಿಹೋಗುತ್ತದೆ.

‘ಚೆಮ್ಮೀನ್’ ಕಾದಂಬರಿಯನ್ನು ನಮ್ಮ ವಿದ್ಯಾರ್ಥಿಗಳು ಓದಲೇಬೇಕು. ದುರಾಸೆ ಒಳಗಿನಿಂದಲೂ ಬರುತ್ತದೆಂಬ ಅದರ ಅರಿವನ್ನು ಉಳಿಸಿಕೊಳ್ಳಬೇಕು. ಕಡಲಿನ ಸಾವನ್ನು ಹೆಣ್ಣಿನ ಮೇಲಿನ ತೀರ್ಪಾಗಿಸುವ ಅದರ ಪುರಾಣವನ್ನು ಬಿಡಬೇಕು. ಅದು ಹೆಸರಿಸದ ಪರದೇಶಿಯನ್ನು ಹೆಸರಿಸಲು ಕಲಿಯಬೇಕು. ಕೊನೆಯ ಪುಟದಲ್ಲಿ ಮೂವರು ಸತ್ತಿದ್ದಾರೆ. ಆದರೆ ದಡದಲ್ಲಿ ಕರುತ್ತಮ್ಮನ ತಂಗಿ ಪಂಚಮಿ ಅಕ್ಕನ ಕೂಸನ್ನು ಎತ್ತಿಕೊಂಡು ಅಳುತ್ತಿದ್ದಾಳೆ. ಯಾರ ತಪ್ಪೆಂದು ದಡ ವಿಚಾರಿಸುತ್ತಿರಲಿ. ಸಭಾಪಾಲಕನು ಮೊದಲು ಹೋಗಬೇಕಾದದ್ದು ಆ ಹುಡುಗಿಯ ಬಳಿಗೆ.